ಉಸಿರು ಹಿಡಿಯಿರಿ

ಡಿಸೆಂಬರಿನ ಐದೂವರೆ. ಕ್ಲಿನಿಕ್ಕಿನ ಹಿಂದಿನ ಗಲ್ಲಿಯಲ್ಲಿ
ಪುತ್ತುಬಾವನ ಪಿಕಪ್ಪು ಕೆಮ್ಮಿ ನಿಂತಿತು.
ಹಿಂದೆ ಒದ್ದೆ ಬಲೆ, ಖಾಲಿ ಮೀನುಪೆಟ್ಟಿಗೆ;
ಮುಂದೆ ಗ್ರೇಶನ್ನರ ಉದ್ದ ಮೊಣಕಾಲು, ಫ್ಲಾಸ್ಕು,
ಊರಿಗೆ ಹೊರಟ ಯಾರಿಂದಲೋ ಅರ್ಧ ಬೆಲೆಗೆ ಕೊಂಡ
ಎಡಗಣ್ಣು ಮಸುಕಾದ ದುರ್ಬೀನು.
"ಸ್ವೆಟರ್ ಉಂಟಾ ಕಸ್ತೂರಕ್ಕ?"
ಉಂಟು. ಇಲ್ಲೂ ಚಳಿ ಇದೆ ಎಂದರೆ
ಇಳಕಲ್ಲಿನ ತಂಗಿ ಇವತ್ತಿಗೂ ನಗುತ್ತಾಳೆ.

ಮೊದಲು ಊರಾಚೆಯ ತೋಪು. ಗಾಫ್ ಎನ್ನುತ್ತಾರೆ ಇಲ್ಲಿ.
ಎರಡು ವರ್ಷ ಅಂಥದೊಂದರ ಕೆಳಗೇ ಬಸ್ಸಿಗೆ ಕಾದಿದ್ದೆ.
ಒಂದು ದಿನ ಸುಮ್ಮನೆ ಎಲೆ ಕಿತ್ತು ನೋಡಿದರೆ
ಅಯ್ಯ, ಬನ್ನಿ!
"ಬಂಗಾರದ್ಹಂಗ ಇರೂಣು" ಅಂತ
ಅಂಗೈಯಿಂದ ಅಂಗೈಗೆ ದಾಟಿಸುತ್ತಿದ್ದ ಅದೇ ಸಣ್ಣೆಲೆ.
ವೀಸಾ ಕೇಳದೆ
ಹೆಸರಿನಲ್ಲೇ ಕರೆಯುವ ಮರ.
ತುದಿಯಲ್ಲಿ ನೀಲಕಂಠ, ಚಳಿಗೆ ಪುಕ್ಕ ಉಬ್ಬಿಸಿ
ಸುಳ್ಳೇ ದಪ್ಪಗಾಗಿದೆ. ಬುಡದಲ್ಲಿ ಚಂದ್ರಮುಕುಟ
ಒಂಟೆಯ ಹಿಕ್ಕೆ ಕೆದರುತ್ತಿದೆ,
ತಲೆಯ ಮೇಲೊಂದು ಕಿರೀಟವಿದೆ ಎಂಬುದನ್ನೇ ಮರೆತು.
ಗ್ರೇಶನ್ ಬರೆದುಕೊಂಡರು: ಒಂದು. ಒಂದು.

ಆಮೇಲೆ ಉಮ್ಮುಲ್ ಕುವೈನಿನ ಖೋರ್. ಇಳಿತದ ಹೊತ್ತು.
ಇಪ್ಪತ್ತೆಂಟು ತುಂಬುವ ತನಕ ಕಡಲೇ ಕಾಣದ ನನಗೆ
"ಇದು ಕಾಂಡ್ಲಾ" ಎಂದು ಹೇಳಿಕೊಟ್ಟವನು ಪುತ್ತುಬಾವ.
ಕೆಸರಿನಿಂದ ಬೇರುಗಳು ಮೇಲಕ್ಕೆ ಮೊಳೆತಿವೆ
ಉಸಿರಾಡಲು.
ಎಲೆ ನೆಕ್ಕಿದರೆ ಉಪ್ಪು.
ಆಚೆ ರಾಜಹಂಸಗಳು ತಲೆಕೆಳಗಾಗಿ
ತಮ್ಮ ಪಾಡಿಗೆ ಗಂಜಿ ಸೋಸುತ್ತಿವೆ.

ಉಸಿರು ಹಿಡಿದರೆ ದುರ್ಬೀನು ಅಲುಗುವುದಿಲ್ಲ,
ಈ ವಿದ್ಯೆ ಮಾತ್ರ ನನ್ನದೇ. ದಿನಕ್ಕೆ ನಲವತ್ತು ಸಲ
ಎಕ್ಸ್‌ರೇ ಕೋಣೆಯಲ್ಲಿ ಬೇರೆಯವರಿಗೆ ಹೇಳುವುದು.
ಕಂಡಿತು: ಮರಳದಿಬ್ಬದ ಮೇಲೊಂದು ಕಡಲಕ್ಕಿ,
ಕಾಲಿಗೆ ಹಳದಿ ಬಳೆ, ಬಳೆಯಲ್ಲಿ ನಂಬರು.
"ಅದಕ್ಕೂ ಲೇಬರ್ ಕಾರ್ಡು!" ಪುತ್ತುಬಾವ ನಕ್ಕ.
"ನೋಡಿ, ನಮ್ಮ ಹಾಗೇ" ಎಂದರು ಗ್ರೇಶನ್,
ಪ್ರತಿ ಚಳಿಗಾಲವೂ ಅನ್ನುವ ಹಾಗೆ.

ನನಗೆ ಆ ಮಾತು ರುಚಿಸುವುದಿಲ್ಲ.
ಅವು ಯಾರಿಗೂ ದುಡ್ಡು ಕಳಿಸುವುದಿಲ್ಲ.
ಯಾರ ಮದುವೆಗೂ ಯಾರ ಮನೆಯ ಸ್ಲ್ಯಾಬಿಗೂ ಬಂದವಲ್ಲ.
ಕೆಸರಲ್ಲಿ ಹುಳುವಿದೆ, ಬಂದಿವೆ.
ಬಿಸಿಲೇರಿದರೆ ಯಾರ ಸಹಿಯೂ ಇಲ್ಲದೆ ಹೋಗುತ್ತವೆ.
ನಮ್ಮ ಹೋಲಿಕೆಯನ್ನು ಅದರ ಮೇಲೆ ಹೇರಬೇಡಿ ಗ್ರೇಶನ್,
ಹಕ್ಕಿಯ ಎಲುಬು ಪೊಳ್ಳು.

ಇಷ್ಟು ಜೋರಾಗಿ ಹೇಳಬಾರದಿತ್ತು.
ದಿಬ್ಬದಾಚೆ ಏಡಿ ತಿನ್ನುವ ಕಪ್ಪುಬಿಳುಪಿನ ಗೊರವಗಳು
ಒಮ್ಮೆಲೇ ಎದ್ದವು; ಹಿಂಡು ಒಂದು ಸಲ ಹೊರಳಿದಾಗ ಬಿಳಿ,
ಇನ್ನೊಂದು ಸಲ ಹೊರಳಿದಾಗ ಏನೂ ಇಲ್ಲ.
ಗ್ರೇಶನ್ ಇನ್ನೂರ ಹನ್ನೆರಡು ಎಂದರು.
ಪುತ್ತುಬಾವ, ಮೀನು ಎಣಿಸಿದವನು, ಇನ್ನೂರ ಒಂಬತ್ತು.
ನಾನು ಅರವತ್ತಕ್ಕೇ ಎಣಿಕೆ ಬಿಟ್ಟಿದ್ದೆ, ಹೇಳಲಿಲ್ಲ.
ಗ್ರೇಶನ್ ಫ್ಲಾಸ್ಕಿನ ಮುಚ್ಚಳಕ್ಕೆ ಚಹಾ ಬಗ್ಗಿಸಿ
ಮೊದಲು ನನಗೇ ಕೊಟ್ಟರು.
ಪಟ್ಟಿಯಲ್ಲಿ ಹನ್ನೆರಡೇ ಉಳಿಯಿತು.

ಸೋಮವಾರ ಮೊದಲು ಬಂದವನು
ಹಲಗೆಯಿಂದ ಜಾರಿದ ಹುಡುಗ, ಉಗುರಲ್ಲಿ ಸಿಮೆಂಟು.
ಬಲಗೈಯನ್ನು ಎಡಗೈಯಲ್ಲಿ ಎತ್ತಿಕೊಂಡೇ ತಂದಿದ್ದ.
ಭುಜ ತಗ್ಗಿಸಿ ನಿಲ್ಲಿಸಿ, ಬಾಗಿಲ ಹಿಂದೆ ಸರಿದು,
ಉಸಿರು ಹಿಡಿ ಎಂದೆ, ಅವನ ಭಾಷೆಯಲ್ಲಿ.

ಹಕ್ಕಿಗೆ ಎರಡು ಕೊರಳೆಲುಬೂ ಕೂಡಿ ಒಂದೇ ಕವಲು ಎಂದು
ಎಲ್ಲೋ ಓದಿದ್ದೇನೆ. ನಮಗೆ ಬೇರೆ ಬೇರೆ.
ಮುರಿಯುವುದೂ ಬೇರೆ ಬೇರೆಯಾಗಿಯೇ.
ಪರದೆಯ ಮೇಲೆ ಬಿಳಿ ಗೆರೆ ಮೂಡಿತು,
ನಡುವೆ ತುಂಡಾಗಿ, ಒಂದು ತುದಿ ಮೇಲಕ್ಕೆದ್ದು,
ಥೇಟ್—
ಹೋಲಿಕೆ ನಾಲಿಗೆಗೆ ಬಂತು. ನುಂಗಿದೆ.

ಗಾಜಿನಾಚೆ ಹುಡುಗನ ಮುಖ ಕೆಂಪಾಗುತ್ತಿತ್ತು.
ಬಿಡು ಎನ್ನುವುದನ್ನು
ಮರೆತೇಬಿಟ್ಟಿದ್ದೆ.