ದುಂಡಗಿಲ್ಲ

ಮ್ವಾಂಜಾದ ಈ ದಿಬ್ಬದಾಸ್ಪತ್ರೆಯಲ್ಲಿ
ನನ್ನ ಕೆಲಸ ಬಿತ್ತುವುದು.
ಅಂಗೈಯಗಲದ ತಟ್ಟೆ, ನಾಲ್ಕು ಮಿಲಿಮೀಟರ್ ಆಳದ ಅಗರ್ ಹೊಲ,
ಹತ್ತಿಕಡ್ಡಿಯಲ್ಲಿ ಒಮ್ಮೆ ಅಡ್ಡ, ಒಮ್ಮೆ ಉದ್ದ, ಒಮ್ಮೆ ಓರೆ,
ಒಂದಿಷ್ಟೂ ಬೀಳು ಬಿಡದ ಹಾಗೆ.

ಬೀಜ, ಮಡೂಹು ಎಂಬ ಮೀನುಗಾರನ ಅಂಗಾಲಿನ ಕೀವು.
ನಡುಸರೋವರದಲ್ಲಿ ಲಾಟೀನು ಒಡೆದು ಗಾಜು ಹೊಕ್ಕಿತಂತೆ.
ಸೂಕ್ಷ್ಮದರ್ಶಕದಡಿ ನೇರಳೆ ಗೊಂಚಲು ಗೊಂಚಲು,
ಚೆಂದ ಅನ್ನಲು ನಾಚಿಕೆ,
ಆದರೂ ಚೆಂದ.

ಲವಣದ ನೀರಲ್ಲಿ ಕದಡಿ ಕಾರ್ಡಿನ ಕಪ್ಪು ಗೆರೆಯ ಮುಂದೆ ಹಿಡಿದೆ:
ಗೆರೆ ಕಾಣಬೇಕು, ಪೂರ್ತಿ ಕಾಣಬಾರದು,
ಗಂಜಿತಿಳಿಯಷ್ಟು ಮಬ್ಬು.

ಆಮೇಲೆ ಬಿಲ್ಲೆಗಳು.
ಡಾಕ್ಟರ್ ಲುಗೆಂಬೆ ಕೇಳಿದ್ದು ಕ್ಲಿಂಡಾಮೈಸಿನ್ ಒಂದನ್ನೇ.
ಪಕ್ಕದಲ್ಲಿ, ಹದಿನೈದು ಮಿಲಿಮೀಟರ್ ಬಿಟ್ಟು,
ಎರಿತ್ರೋಮೈಸಿನ್ ಒಂದನ್ನು ನಾನೇ ಇಟ್ಟೆ.
ಇಟ್ಟದ್ದನ್ನು ಸರಿಸುವಂತಿಲ್ಲ.
ಮುಟ್ಟಿದ ಕ್ಷಣಕ್ಕೇ ಔಷಧ ಹರಿಯತೊಡಗುತ್ತದೆ,
ಆಡಿದ ಮಾತಿನ ಹಾಗೆ.

ನಡುರಾತ್ರಿ ಕರೆಂಟು ಹೋಯಿತು.
ಜನರೇಟರು ಕೆಮ್ಮಿ ಏಳುವ ತನಕ
ಕಾವುಪೆಟ್ಟಿಗೆಯ ಬಾಗಿಲ ಮೇಲೆ ಅಂಗೈಯಿಟ್ಟು ನಿಂತೆ,
ಮಗುವಿನ ಹಣೆ ಮುಟ್ಟಿ ನೋಡುವವಳಂತೆ.
ನಾನು ಬೆಚ್ಚಗಿಡುತ್ತಿದ್ದುದು ಯಾರನ್ನು?
ಅವನ ಕಾಲು ತಿನ್ನುತ್ತಿರುವುದನ್ನು.

ಬೆಳಿಗ್ಗೆ:
ಎರಿತ್ರೋಮೈಸಿನ್ ಬಿಲ್ಲೆಯ ಬುಡದವರೆಗೂ ಬೆಳೆ.
ಕ್ಲಿಂಡಾಮೈಸಿನ್ ಸುತ್ತ ಬಯಲು, ಇಪ್ಪತ್ತಮೂರು ಮಿಲಿಮೀಟರ್.
ಇಪ್ಪತ್ತೊಂದು ಸಾಕು, ಪಾಸು.
ಪೆನ್ನು ಎತ್ತಿದವಳು ಹಾಗೇ ನಿಂತೆ.
ಪಕ್ಕದ ಬಿಲ್ಲೆಯ ಕಡೆ ಬಯಲಿನ ಅಂಚು ಚಪ್ಪಟೆ,
ಗೋಡೆಗೊತ್ತಿ ಬೆಳೆದ ಕುಂಬಳದಂತೆ.

ಒಂಟಿಯಾಗಿ ಕೇಳಿದ್ದರೆ ಸೋತೆ ಅನ್ನುತ್ತಿತ್ತು ಇದು.
ನೆರೆಯ ಔಷಧದ ಗಾಳಿ ಸೋಕಿದಲ್ಲಿ ಮಾತ್ರ
ಬಚ್ಚಿಟ್ಟ ವಿದ್ಯೆ ಹೊರತೆಗೆದಿದೆ.

ಫೋನು ಮಾಡಿದೆ.
“ಇಪ್ಪತ್ತಮೂರು ಅಂದೆಯಲ್ಲ, ಶಿಜಾ?”
“ಹೌದು. ಆದರೆ ದುಂಡಗಿಲ್ಲ.”
ಆ ಕಡೆ ಬಹಳ ಹೊತ್ತು ಬರೀ ವಾರ್ಡಿನ ಗದ್ದಲ.
ಆಮೇಲೆ ಕಾಗದ ಹರಿದ ಸದ್ದು.
“ಬೇರೆ ಯಾವುದು ಉಳಿದಿದೆ, ಓದು.”
ಓದಿದೆ. ಪಟ್ಟಿ ಉದ್ದವಿರಲಿಲ್ಲ.

ಹೊರಗೆ ಕಟ್ಟೆಯ ಮೇಲೆ ಮಡೂಹುವಿನ ಹೆಂಡತಿ,
ಕಂಗಾ ಸೆರಗಿನಲ್ಲಿ ಬಸ್ಸಿನ ಚಿಲ್ಲರೆ ಗಂಟು.
“ಅದು ಸಿಕ್ಕಿತಾ?” ಕೇಳಿದಳು,
ಕಳೆದುಹೋದ ಆಡಿನ ವಿಚಾರದಂತೆ.
ಸಿಕ್ಕಿತು ಅಂದೆ.
ಸಿಕ್ಕದ್ದು ಸುಳ್ಳು ಹೇಳುತ್ತಿತ್ತು ಅಂತ
ಯಾವ ಮಾತಿನಲ್ಲಿ ಹೇಳಲಿ?

ಆಟೋಕ್ಲೇವಿಗೆ ಹಾಕುವ ಮುನ್ನ
ತಟ್ಟೆಯನ್ನು ಕಿಟಕಿಗೆ ಹಿಡಿದೆ ಇನ್ನೊಮ್ಮೆ.
ಸರೋವರದ ಬೆಳಕು ಆ ಬಯಲಿನೊಳಗಿಂದ
ಒಂದು ಬದಿ ಕತ್ತರಿಸಿಕೊಂಡೇ ಬಂತು.