ಕೇಳುವವರು ಬೇಕಾಗಿದ್ದಾರೆ

ಕಾಲುವೆಗೆ ನೀರು ಬಂದು ಈ ನವರೂಜಿಗೆ ಹನ್ನೆರಡು ವರ್ಷ.
ಪಾಮಿರಿನ ಬಂಡೆಯ ಎದೆಗೆ ಉಳಿ ಹಿಡಿದು
ನಾವು ಕೊರೆದದ್ದು ಒಂಬತ್ತು ವರ್ಷ,
ಮನೆಗೊಬ್ಬರಂತೆ, ಕೂಲಿಯಿಲ್ಲದೆ, ಮುಯ್ಯಿಗೆ ಮುಯ್ಯಿ.
ಹಶರ್ ಎನ್ನುತ್ತೇವೆ ನಮ್ಮಲ್ಲಿ ಅದಕ್ಕೆ.
ಅದರ ಕತೆಯನ್ನು ಯಾರೂ ಎಲ್ಲಿಯೂ ಬರೆದಿಟ್ಟಿಲ್ಲ.

ಬರೆಯೋಣ ಎಂದವಳು ನಾನೇ, ಗುಲ್‌ಬೇಗಿಮ್,
ಮೂವತ್ತು ವರ್ಷ ಮಕ್ಕಳಿಗೆ ರೇಖಾಗಣಿತ ಹೇಳಿ
ಈಗ ಕೋಳಿಗಳಿಗೆ ಹೇಳುತ್ತಿರುವವಳು.
ಶಾಲೆಯ ಬಾಗಿಲಿಗೆ ಚೀಟಿ ಅಂಟಿಸಿದೆ:
ಕಾಲುವೆಯ ಕತೆ ಕೂಡಿಹಾಕಲು ಜನ ಬೇಕು.
ಸಂಬಳವಿಲ್ಲ. ಪೆನ್ಸಿಲ್ ನಾನು ಕೊಡುತ್ತೇನೆ.

ಬಂದರು. ಬಾರದೆ ಏನು!
ಹದಿನೇಳು ಜನ, ಚಳಿಗೆ ಕೈ ಉಜ್ಜುತ್ತ,
ಐದು ಕಂಬದ ನನ್ನ ಮನೆಯಲ್ಲಿ ಕಾಲು ಚಾಚಿ
ಉಪ್ಪು ಹಾಕಿದ ಹಾಲಿನ ಚಹಾಕ್ಕೆ ರೊಟ್ಟಿ ಮುರಿದುಕೊಂಡು
ಎಲ್ಲರೂ ಹೇಳುವವರೇ.

ಮೊದಲ ಏಟು ತನ್ನದು ಎಂದ ನಜರ್‌ಮಮದ್.
ದವ್ಲತ್‌ಕದಮ್ ನಕ್ಕ: ನಿನ್ನದಾ? ಅವತ್ತು ನಿನಗೆ ಹಲ್ಲುನೋವು,
ಕೆನ್ನೆಗೆ ಬಟ್ಟೆ ಕಟ್ಟಿ ಕತ್ತೆ ಕಾಯುತ್ತ ಕೂತಿದ್ದೆ.
ಹಗ್ಗ ಹರಿದದ್ದು ಮಂಗಳವಾರ. ಅಲ್ಲ, ಶನಿವಾರ.
ಸಫರ್‌ಬೆಕ್ ಸತ್ತದ್ದು ಹಗ್ಗ ಹರಿದಲ್ಲ, ಕಾಲು ಜಾರಿ.
ಅವನ ಹೆಂಡತಿ ಅಲ್ಲೇ ಮೂಲೆಯಲ್ಲಿದ್ದಳು.
ಬಟ್ಟಲು ಕೆಳಗಿಟ್ಟು ಎದ್ದು ಹೋದಳು.
ನಾನೂ ತಿರುಗಿದ್ದು ಬಾಗಿಲ ಸದ್ದಿಗೆ, ಅವಳಿಗಲ್ಲ.
ಬಾಯಿ ಹದಿನೇಳು, ಕಿವಿ ಒಂದೂ ಇಲ್ಲ.
ಪೆನ್ಸಿಲುಗಳು ಮೊನೆ ಸವೆಯದೆ ಹಾಗೇ ಉಳಿದವು.

ರಾತ್ರಿ ನಿದ್ದೆ ಹತ್ತದೆ ಹಳೆಯ ಪಾಠ ನೆನಪಾಯಿತು:
ವೃತ್ತ ಎಳೆಯಬೇಕಾದರೆ ಕೈವಾರದ ಒಂದು ಕಾಲು
ಗೆರೆಯಿಂದ ದೂರ ಊರಿರಬೇಕು.

ಬೆಳಿಗ್ಗೆ ಹೋದದ್ದು ಪಯ್‌ಶಂಬೆಯ ಮನೆಗೆ.
ಬಂಡೆಗೆ ಬಾಯಿ ಬಂದೀತೇ, ಹುಚ್ಚರಾ, ಎಂದು
ಒಂಬತ್ತು ವರ್ಷ ಗುದ್ದಲಿ ಮುಟ್ಟದವನು.
ಮದುವೆಗಳಿಗೆ ಕರೆಯದೆ ಬಿಟ್ಟೆವು.
ಅವನ ತಾಯಿ ಸತ್ತಾಗ ಹೋದೆವು, ಹೋಗಲೇಬೇಕಲ್ಲ.
ನೀರು ಬಂದಾಗ ಅವನ ಹಿತ್ತಲಿಗೂ ತಿರುಗಿಸಿದೆವು,
ನೀರಿಗೇನು ಹಗೆ?
ಮಾತನ್ನು ಮಾತ್ರ ತಿರುಗಿಸಲಿಲ್ಲ.

ಒಣ ಹಿಪ್ಪುನೇರಳೆ ಕುಟ್ಟುತ್ತಿದ್ದ.
ನೀನು ಬರೆದುಕೊಳ್ಳಬೇಕು, ಎಂದೆ.
ಒನಕೆ ನಿಂತಿತು. ನಾನು ಅಲ್ಲಿರಲಿಲ್ಲ.
ಅದಕ್ಕೇ. ನಿನಗೆ ಗೊತ್ತಿಲ್ಲ, ನೀನು ಕೇಳಲೇಬೇಕು.
ತಿದ್ದಲಿಕ್ಕೆ ನಿನ್ನ ಹತ್ತಿರ ಏನೂ ಇಲ್ಲ.
ಬಾಗಿಲು ತೆರೆಯುತ್ತಾರಾ?
ಗೊತ್ತಿರಲಿಲ್ಲ. ಪೆನ್ಸಿಲ್ ಕೊಟ್ಟೆ.

ಕೆಲವರು ತೆರೆಯಲಿಲ್ಲ. ನಜರ್‌ಮಮದ್ ನಾಯಿ ಬಿಟ್ಟ.
ಸಫರ್‌ಬೆಕ್‌ನ ಹೆಂಡತಿ ಒಳಗೆ ಕರೆದಳು.
ಮೂರು ಸಂಜೆ ಅವಳು ಏನೂ ಹೇಳಲಿಲ್ಲವಂತೆ,
ಇವನೂ ಕೇಳಲಿಲ್ಲವಂತೆ, ಬಟಾಣಿ ಆರಿಸಿಕೊಟ್ಟನಂತೆ.
ನಾಲ್ಕನೆಯ ಸಂಜೆ ಹೇಳಿದಳು:
ಅವತ್ತು ಬುತ್ತಿಗೆ ಒಂದು ಬೇಯಿಸಿದ ಮೊಟ್ಟೆ ಕೇಳಿದ್ದ.
ಮಾರಲಿಕ್ಕೆ ಇಟ್ಟಿದ್ದೇನೆ ಅಂದೆ.

ಇಡೀ ಪುಟದಲ್ಲಿ ಅಷ್ಟೇ ಇದೆ.
ವಾರ, ಹಗ್ಗ, ಜಾರಿದ ಕಾಲು, ಯಾವುದೂ ಇಲ್ಲ.

ಚೀಟಿಯನ್ನು ತಿದ್ದಿ ಅಂಟಿಸಿದ್ದೇನೆ:
ಅಲ್ಲಿ ಇರದಿದ್ದವರು ಬೇಕು.
ಆಚೆ ಕಣಿವೆಯಿಂದ ಸೊಸೆಯಾಗಿ ಬಂದ ಲೋಲಾಮೋಹ್
ಒಪ್ಪಿದ್ದಾಳೆ, ಕೂಸು ಮಲಗಿದ ಹೊತ್ತಿಗೆ ಮಾತ್ರ.
ನೀರು ಬಂದ ವರ್ಷ ಹುಟ್ಟಿದ ಹುಡುಗನೊಬ್ಬ
ನಾನೂ, ಎಂದು ದಿನಾ ಕಾಡುತ್ತಾನೆ;
ಕಾಲುವೆ ಬೆಟ್ಟದಷ್ಟೇ ಹಳೆಯದು ಎಂದುಕೊಂಡವನು.
ಇನ್ನೂ ಇಪ್ಪತ್ತಮೂರು ಮನೆ ಬಾಕಿ.

ನಿನ್ನೆ ಪುಸ್ತಕ ಮಗುಚಿ ನೋಡಿದರೆ
ಹಿಂದಿನ ರಟ್ಟಿನ ಒಳಗೆ, ಯಾರೂ ಕೇಳದೆ,
ಪಯ್‌ಶಂಬೆಯ ಕೈಬರಹ, ಬಹಳ ಸಣ್ಣದು:
ರಾತ್ರಿ ಪಾಳಿಯ ಉಳಿಯ ಸದ್ದು ನಮ್ಮ ಮನೆಗೆ ಕೇಳುತ್ತಿತ್ತು.
ಮಲಗಿಕೊಂಡು ಎಣಿಸುತ್ತಿದ್ದೆ.
ಸದ್ದು ನಿಂತರೆ
ಎದ್ದು ಕೂರುತ್ತಿದ್ದೆ.