ಬೊಗಳದ ನಾಯಿಯ ಪಾಳಿ

ಡೋಣಿ ದಾಟಿ ಗುಡ್ಡದ ಮ್ಯಾಲ ಮೂವತ್ತೊಂಬತ್ತನೇ ನಂಬರ್ ಗಾಳಿಫ್ಯಾನು,
ಅದರ ಬುಡಕ್ಕ ತಗಡಿನ ಶೆಡ್ಡು,
ಶೆಡ್ಡಿನಾಗ ನಾನು, ಒಂದು ಬ್ಯಾಟರಿ, ಒಂದು ರಿಜಿಸ್ಟರು,
ಮತ್ತ ಈಕಿ.

ಮುಂಡರಗಿ ರೋಡಿನ ಮೋರಿ ಕೆಳಗ ಸಿಕ್ಕಾಕಿ.
ಕೊಳ್ಳಾಗ ಬೈಂಡಿಂಗ್ ತಂತಿ, ಹಿಂದಿನ ಕಾಲಾಗ ಹುಳ,
ಮೈತುಂಬ ಬಿರುಸು ಕೂದಲು, ಒಲಿ ಬೂದಿ ಬಣ್ಣ.
ಹೊತಗೊಂಡು ಟಂಟಂದಾಗ ಹಾಕಿದರ
ಡ್ರೈವರ ಇಳಿ ಅಂದ, ಕರು ಅಂದೆ, ನಂಬಿದ,
ಅಷ್ಟು ಉದ್ದ ಇದ್ಲು.

ಗದಗಿನ ದನದ ದವಾಖಾನ್ಯಾಗ ಯಲಿಗಾರ ಡಾಕ್ಟರು
ಗದ್ದ ಎತ್ತಿ ನೋಡಿದ್ರು:
'ಇದು ಮುಧೋಳದ್ದಲ್ಲೋ ಮಾರಾಯಾ.
ಒಂದು ಕಡಿಗೆ ತೋಳ ಕೆಡವೂ ಪರದೇಶದ ಜಾತಿ,
ಇನ್ನೊಂದು ಕಡಿಗೆ ರೇಸಿನ ಗ್ರೇಹೌಂಡು.
ರೊಕ್ಕ ಇದ್ದಾವ ತರಿಸ್ಯಾನ, ಸಾಕಾಗಿ ಮಾರ್‍ಯಾನ,
ತಗೊಂಡಾವ ಮೊಲದ ಹಿಂದ ಓಡಿಸ್ಯಾನ,
ಕಾಲು ಹೋದ ಮ್ಯಾಲ ಒಗದಾನ.'
ಎಷ್ಟು ತಿಂತೈತ್ರಿ? ಅಂದೆ.
ಅವರು ನಕ್ಕರು. ಉತ್ತರ ಹೇಳಲಿಲ್ಲ.

ಈಗ ನಮ್ಮ ನೀಲವ್ವ ಬುತ್ತಿ ಕಟ್ಟೂಮುಂದ ಎಣಸ್ತಾಳ:
'ನಿನಗ ಎರಡು ರೊಟ್ಟಿ. ನನ್ನ ಸವತಿಗೆ ಆರು.'
ಮಜ್ಜಿಗಿ ಡಬ್ಬಿ ಬ್ಯಾರೇನ.

ಸಂಜಿ ಬಿಸಲಿಗೆ ರೆಕ್ಕಿ ನೆರಳು
ಕಡ್ಲಿ ಹೊಲ ದಾಟಿ ಓಡ್ತೈತಿ.
ಕಾಲು ನೆಟ್ಟಗಾದ ದಿನ ಈಕಿ ಅದರ ಬೆನ್ನು ಹತ್ತಿದ್ಲು.
ಕುಂಟೂ ಕಾಲು ಯಾವುದು ಅಂತ ಗೊತ್ತಾಗಲಿಲ್ಲ.
ಕರಿ ಮಣ್ಣು ಎದ್ದಿದ್ದಷ್ಟ ಕಂಡೆ,
ಇನ್ನೇನು ಹಿಡದ್ಲು ಅನ್ನೂದರಾಗ
ಇನ್ನೊಂದು ನೆರಳು ಆಕಿ ಬೆನ್ನ ಮ್ಯಾಲಿಂದ ಹಾದು ಹೋತು.
ಏಳು ದಿನ ಓಡಿದ್ಲು.
ಎಂಟನೇ ದಿನ ಕುಂತು ನೋಡಿದ್ಲು.
ಅವತ್ತಿಂದ ಡ್ಯೂಟಿ ಸುರು ಅಂತ ನಾ ತಿಳಕೊಂಡೆ.

'ಬೊಗಳದ ನಾಯಿ ಏನ್ ಕಾಯತೈತಿ?'
ಅಂತಾರ ಕಟಗಿ ಸಾಹೇಬರು, ಬೈಕಿಂದ ಇಳೀದನ.
ನಾ ಏನ ಹೇಳ್ಲಿ? ಗದಗಿನ ಪ್ರೆಸ್ಸಿನಾಗ
ಇಪ್ಪತ್ತಾರು ವರ್ಷ ಮೊಳೆ ಜೋಡಿಸಿದಾವ ನಾನು,
ಅಕ್ಷರಾನ ತಿರುಗಾಮುರುಗಾ ಓದಿದಾವ.
ಸಪ್ಪಳ ಮಾಡೂದು ಮಷೀನು ಅಲ್ಲೇನ್ರಿ.

ಹಂದಿ ಬಂದ್ರ ಈಕಿ ಕಿವಿ ಏಳ್ತಾವು.
ಮನಷ್ಯಾರು ಬಂದ್ರ
ನನ್ನ ಅಂಗೈಯಾಗ ಒಂದು ಹಸಿ ಮೂಗು.

ಅಮಾಸಿ ಹಿಂದಿನ ರಾತ್ರಿ, ಎರಡೂ ಹತ್ತಕ್ಕ, ಮೂಗು ಬಂತು.
ಫ್ಯಾನಿನ ಹಿಂದ ಮೂರು ಮಂದಿ, ಕೇಬಲ್ ಮ್ಯಾಲ ಕಟರ್.
ಬ್ಯಾಟರಿ ಒತ್ತೂದರಾಗ ಇಬ್ಬರು ಹಳ್ಳಕ್ಕ ಬಿದ್ದರು.
ಮೂರನೇದಾವ ಓಡಿದ.
ಓಡಬಾರದಿತ್ತು ಈಕಿ ಮುಂದ.

ನಾ ಹೋಗಿ ನೋಡಿದರ
ಎಳೀ ಹುಡುಗ, ಮೀಸಿ ಇನ್ನೂ ಚಿಗುರು,
ಅಂಗಾತ ಬಿದ್ದಾನ, ಎದಿ ಮ್ಯಾಲ ಎರಡು ಕಾಲು.
ಕಚ್ಚಿಲ್ಲ. ಬಾಯಿ ಮುಚ್ಚೇ ಐತಿ.
ಅವ ಅಳಕೋತ ಒಂದು ಹೆಸರು ಒದರಿದ.

ಈಕಿ ಹೆಸರು. ಹಳೇದು.

ನಿಂತಲ್ಲೇ ಕುಸದ್ಲು.
ಬಾಲ ಹೊಟ್ಟಿಗೆ ಹತ್ತಿತು, ಕೆಳಗ ನೆಲ ತೊಯ್ತು.
ತೋಳ ಕೆಡವೂ ಜಾತಿ.
ಅವ ಎದ್ದ. ನಾ ಬೆನ್ನು ಹತ್ತಲಿಲ್ಲ.
ಬ್ಯಾಟರಿ ಆರಿಸಿದೆ,
ಆಕಿ ನಾಚಿಕಿ ನನಗೂ ಕಾಣಬಾರದು ಅಂತ.

ಮುಂಜಾನೆ ರಿಜಿಸ್ಟರಿನಾಗ ಬರದೆ:
ಕೇಬಲ್ ಕಟ್ ಆಗಿಲ್ಲ. ಕಟರ್ ಒಂದು ಸಿಕ್ಕೈತಿ.
ಗುರುತು? ಅಂದ್ರು ಕಟಗಿ ಸಾಹೇಬರು.
ಕತ್ತಲಿತ್ರಿ, ಅಂದೆ.
ಎಂದೂ ಇಲ್ಲದ್ದು, ಬಗ್ಗಿ ಆಕಿ ತಲಿ ಮುಟ್ಟಾಕ ಹೋದರು,
ಈಕಿ ನಿಧಾನಕ್ಕ ಸರದು ನಿಂತ್ಲು.

ಅಚ್ಚು ಮುಗದ ಮ್ಯಾಲ ಮೊಳೆ ಬಿಚ್ಚತಿದ್ವಿ ನಾವು,
ಒಂದೊಂದು ಅಕ್ಷರ ಒಂದೊಂದು ಖಾನೆಕ್ಕ.
ಆ ಹೆಸರನ್ನೂ ಹಂಗ ಬಿಚ್ಚಿ ಹಾಕೀನಿ.
ಕೇಳಬ್ಯಾಡ್ರಿ, ಜೋಡಿಸೂದಿಲ್ಲ.

ನಾ ಇಟ್ಟ ಹೆಸರು ಬೂದೆವ್ವ.
ಕರದ್ರ ಒಂದು ಕಿವಿ ಅಷ್ಟ ತಿರಗತೈತಿ ಈ ಕಡೆ.
ಇನ್ನೊಂದು
ಹೊಲದ ಕಡೇನ.